ರಕ್ತ ಮದ್ದು ಅರೆಯುವವರೆಗೆ

ಅವರು ಕುರ್ಚಿಗೆ ಬೆನ್ನು ಕೊಟ್ಟು ಕೂತದ್ದನ್ನು ನಾನು ಕಂಡೇ ಇಲ್ಲ. ಹುಣಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆಂದು ಕೈಗಳಿರುವ ದೊಡ್ಡದೊಂದು ಕುರ್ಚಿ ಇತ್ತು. ಅದರ ಮೇಲೆ ಅವರ ಕುಚ್ಚಿನ ಕೆಂಪು ಟೋಪಿ ಕೂರುತ್ತಿತ್ತು. ಅವರು ಮಾತ್ರ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ರೋಗಿ ಬಂದು ಬೆಂಚಿನ ಮೇಲೆ ಕೂತು “ಸಾಹೇಬ್ರೇ” ಅನ್ನುವಷ್ಟರಲ್ಲಿ “ನಡೀತಾ ಹೇಳಿ, ನಡೀತಾ ಹೇಳಿ” ಅನ್ನುವರು. ಮೊಣಕಾಲು ನೋವಿನವನೂ ತನ್ನ ಮೊಣಕಾಲಿನ ಕಥೆ ಹೇಳಬೇಕಾದರೆ ಅವರ ಹಿಂದೆ ಕುಂಟಬೇಕು. ಹಾಗೆ ಕುಂಟುವುದನ್ನು ನೋಡಿಯೇ ಕಾಯಿಲೆ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದರು ಎಂದು ಅವರನ್ನು ಮೆಚ್ಚುವವರು ಈಗಲೂ ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

ಅವರು ತೀರಿಕೊಂಡ ಸುದ್ದಿಯನ್ನು ಮಿರ್ಲೆ ಕಡೆಯ ಭತ್ತದ ವ್ಯಾಪಾರಿಯೊಬ್ಬ ತಂದ. “ಮಲಗಿದ್ದಂಗೇ ಓಗ್ಬುಟ್ರಂತೆ” ಅಂದ. ಹೋದರು ಎಂಬುದನ್ನು ನಂಬಿದೆ, ವಯಸ್ಸಾಗಿತ್ತು. ಮಲಗಿದ್ದರು ಎಂಬುದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಆ ದಿನದಿಂದ ನನಗೂ ಒಂದು ಕಡೆ ನಿಲ್ಲಲಾಗುತ್ತಿಲ್ಲ. ನನ್ನದು ಮೊದಲಿಂದಲೂ ಕುದಿಯುವ ಸ್ವಭಾವ. ಮೋಟಾರು ಹೊತ್ತಿಗೆ ಬಾರದಿದ್ದರೆ ಎಲ್ಲಿ ಉರುಳಿತೋ ಎಂಬ ಚಿಂತೆ, ಬಂದರೆ ಇಷ್ಟು ಬೇಗ ಬರಬೇಕಾದರೆ ಡ್ರೈವರು ಹೇಗೆ ಓಡಿಸಿರಬಹುದೆಂಬ ಚಿಂತೆ. ಅವರ ಬಗ್ಗೆ ನಾಲ್ಕು ಮಾತು ಬರೆದರೆ ಸ್ವಲ್ಪ ತಣ್ಣಗಾದೀತೆಂದು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಏನೆಂದುಕೊಂಡಾರೋ ಎಂಬುದು ಇನ್ನೊಂದು ಚಿಂತೆ.

ಅವರು ಹುಣಸೂರಿನವರೇ. ಅವರದು ಗಾಡಿ ಚಕ್ರ ಮಾಡುವ ಸಾಬರ ಮನೆತನ. ತಂದೆ, ಚಿಕ್ಕಪ್ಪ, ಅಣ್ಣ ಎಲ್ಲರೂ ಮರದ ಹೊಟ್ಟಿನಲ್ಲಿ ಮುಳುಗಿರುತ್ತಿದ್ದರು. ಇವರೊಬ್ಬರು ಮದರಾಸಿಗೆ ಹೋಗಿ ಡಾಕ್ಟರಿಕೆ ಓದಿ ಸರ್ಕಾರಿ ಕೆಲಸಕ್ಕೆ ಸೇರಿ ಊರಿಗೇ ವರ್ಗವಾಗಿ ಬಂದಿದ್ದರು. ನಾನು ಆಗಷ್ಟೇ ಅಲ್ಲಿನ ಸ್ಕೂಲಿಗೆ ಮೇಷ್ಟರಾಗಿ ಬಂದಿದ್ದೆ. ಪಾಠ ಮುಗಿಸಿ ಆಸ್ಪತ್ರೆಗೆ ಹೋಗುವುದು ನನಗೆ ಸಂತೆಗೆ ಹೋದಷ್ಟು ಅಭ್ಯಾಸವಾಗಿತ್ತು.

“ಈ ವಾರ ಯಾವುದು ಮೇಷ್ಟ್ರೇ? ಹೋದ ವಾರ ಹೃದಯ ಇತ್ತು.”

“ಈ ಸಲ ಪಿತ್ತಕೋಶ ಅನ್ನಿಸ್ತದೆ ಸಾಹೇಬ್ರೇ.”

“ಎಲ್ಲಿ ನೋಯ್ತದೆ? ನಡೀತಾ ತೋರಿಸಿ.”

ತೋರಿಸಿದೆ.

“ಅದು ಇರೋದು ಬಲಗಡೆ. ಮುಂದಿನ ವಾರ ಸರಿಯಾದ ಕಡೆ ನೋಯಿಸ್ಕೊಂಡು ಬನ್ನಿ, ನೋಡುವ.”

ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಇನ್ನೊಂದು ಮಾತು “ಗೊತ್ತಿಲ್ಲ.” ಬೇರೆ ಡಾಕ್ಟರುಗಳು ಗೊತ್ತಿಲ್ಲದ್ದನ್ನು ಲ್ಯಾಟಿನ್ ಹೆಸರಿನಲ್ಲಿ ಮುಚ್ಚುತ್ತಾರೆ. ಇವರು ಅದನ್ನು ಅಮಲ್ದಾರರು ತೀರ್ಪು ಕೊಟ್ಟ ಹಾಗೆ ಜೋರಾಗಿ ಹೇಳುವರು. ಜನಕ್ಕೆ ಇದು ಹಿಡಿಸುತ್ತಿರಲಿಲ್ಲ. ಕಾಫಿ ಬೀಜದ ಕಾರ್ಖಾನೆಯ ಮೇಸ್ತ್ರಿಯೊಬ್ಬ ಇದ್ದ, ಬಾಯಿ ಸ್ವಲ್ಪ ಜೋರು. ಒಮ್ಮೆ ಎದುರಿಗೇ ಕೇಳಿಬಿಟ್ಟ: “ಗೊತ್ತಿಲ್ಲ ಅನ್ನಾಕೆ ಸರ್ಕಾರ ನಿಮ್ಗೆ ಸಂಬ್ಳ ಕೊಟ್ಟದಾ ಸಾಹೇಬ್ರೆ?”

“ಗೊತ್ತು ಅಂತ ಸುಳ್ಳು ಹೇಳೋಕಂತೂ ಕೊಡಲ್ಲ ಕಣಯ್ಯ” ಅಂದು ಅವರು ಜಗಲಿಯ ಆ ತುದಿಗೆ ಹೋಗಿಬಿಟ್ಟರು.

ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಮದ್ದನ್ನು ಮರೆತವರನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವರು. ಒಂದು ವಿಷಯ ತಲೆಗೆ ಹೊಕ್ಕರೆ ಎದುರಿಗಿರುವವನಿಗೆ ಬೇಕೋ ಬೇಡವೋ ನೋಡದೆ ಹೇಳುತ್ತಲೇ ಇರುವರು. ಬೇಕಾದವನು ನಾನೊಬ್ಬ ಸಿಕ್ಕಿದ್ದೆ. ಕಾಯಿಲೆಯ ಬಗ್ಗೆ ಎಷ್ಟು ಕೇಳಿದರೂ ನನಗೆ ಸಾಕೆನಿಸುತ್ತಿರಲಿಲ್ಲ, ಕೇಳಿದಷ್ಟೂ ಆ ಕಾಯಿಲೆ ನನಗೆ ಬಂದ ಹಾಗಾಗುತ್ತಿತ್ತು.

ಮೊದಲ ಮಹಾಯುದ್ಧ ಮುಗಿಯುತ್ತ ಬಂದ ವರ್ಷ ಅದು. ಮುಂಗಾರು ಶುರುವಾದಾಗ ಒಂದು ಜ್ವರ ಬಂತು. ಬೊಂಬಾಯಿಯ ಹಡಗಿನಲ್ಲಿ ಇಳಿಯಿತೆಂದು ಜನ ಅದನ್ನು ಬೊಂಬಾಯಿ ಜ್ವರ ಅಂದರು. ಕೆಲವರು ಮಲಗಿದರು, ಎದ್ದರು, ಮರೆತರು. ನಾನೂ ಬಿತ್ತನೆಯ ನೆಪದಲ್ಲಿ ಅವ್ವನ ಜೊತೆ ನಮ್ಮೂರು ಹಂಪಾಪುರಕ್ಕೆ ಹೋಗಿದ್ದಾಗ ಮಲಗಿ ಎದ್ದೆ. ಅದು ಆ ಜ್ವರವೇ ಹೌದೋ ಅಲ್ಲವೋ ಯಾರೂ ಕೇಳಲಿಲ್ಲ. ನಮ್ಮೂರಿರುವ ಕೋಟೆ ತಾಲ್ಲೂಕಿನಲ್ಲಿ ಮಳೆಗಾಲದಲ್ಲಿ ಜ್ವರ ಬರದಿದ್ದರೆ ತಾನೇ ಕೇಳುವುದು. ಅಲ್ಲಿ ಸೊಳ್ಳೆಯ ಚಳಿಜ್ವರ ಮನೆಯ ನೆಂಟನಿದ್ದ ಹಾಗೆ.

ಮಳೆಗಾಲ ಹಿಂದಾಗುವ ಹೊತ್ತಿಗೆ ಬೊಂಬಾಯಿ ಜ್ವರ ಮತ್ತೆ ಬಂತು. ಈ ಸಲ ಅದರ ಮುಖವೇ ಬೇರೆ. ಬೆಳಿಗ್ಗೆ ನೇಗಿಲು ಹಿಡಿದವನು ಸಂಜೆಗೆ ನೆಲ ಹಿಡಿದ. ಮುದುಕರಿಗಿಂತ ಪ್ರಾಯದವರನ್ನೇ ಹೆಚ್ಚು ಹುಡುಕಿಕೊಂಡು ಬಂತು. ಸ್ಕೂಲು ಮುಚ್ಚಿತು. ಕೆಲವು ಮನೆಗಳಲ್ಲಿ ಒಲೆ ಹಚ್ಚಲು ಏಳುವವರು ಒಬ್ಬರೂ ಇಲ್ಲ. ಜ್ವರದಿಂದಲ್ಲದಿದ್ದರೆ ನೀರಿಲ್ಲದೆ ಸಾಯುತ್ತಾರೆಂದು ಡಾಕ್ಟರು ಆಸ್ಪತ್ರೆಯ ಮುಂದಿನ ಮರದ ಕೆಳಗೆ ದೊಡ್ಡ ಕೊಪ್ಪರಿಗೆಯಲ್ಲಿ ಗಂಜಿ ಬೇಯಿಸಲು ಶುರುಮಾಡಿದರು. ಬೇಯಿಸಬಹುದು, ಮನೆಯೊಳಗೆ ಹೋಗಿ ಕುಡಿಸುವವರು ಯಾರು? ಧೈರ್ಯ ಇರುವವರು ಬನ್ನಿ ಎಂದು ಡಂಗುರ ಹೊಡೆಸಿದರು.

ಮೊದಲು ಮುಂದೆ ಬಂದವನು ಅದೇ ಮೇಸ್ತ್ರಿ. ಅಂಗಿಯ ತೋಳು ಮೇಲಕ್ಕೆ ಮಡಿಸಿ ತೋರಿಸಿದ.

“ನಂಗೇನಾಯ್ತದೆ ಸಾಹೇಬ್ರೆ? ಓದ್ ವರ್ಸನೇ ಸೂಜಿ ಆಕ್ಸಿವ್ನಿ.”

“ಯಾವ ಸೂಜಿ?”

“ಇನ್ಯಾವ್ದು? ಪ್ಲೇಗಿಂದು. ತೋಳು ಕುಂಬ್ಳಕಾಯಂಗೆ ಊದ್ಕಂಡಿತ್ತು.”

ಅವನ ಹಿಂದೆ ತೋಳು ಮಡಿಸಿದ ಒಂದು ಸಾಲೇ ಇತ್ತು. ಪ್ಲೇಗು ಬಂದು ಬಂದು ನಮ್ಮ ಸೀಮೆಯವರಿಗೆ ಅದೊಂದೇ ಕಾಯಿಲೆ ಕಾಯಿಲೆಯಾಗಿ ಕಾಣುತ್ತಿತ್ತು. ಸೂಜಿ ಹಾಕಿಸಿಕೊಂಡವನು ಸಾವಿಗೆ ಸುಂಕ ಕಟ್ಟಿದವನ ಹಾಗೆ ಎದೆಯುಬ್ಬಿಸಿ ಓಡಾಡುತ್ತಿದ್ದ.

ಡಾಕ್ಟರು ಬೀದಿಯಲ್ಲಿ ನೊಗ ಇಳಿಸಿ ನಿಲ್ಲಿಸಿದ್ದ ಗಾಡಿಯ ಕಡೆ ಕೈ ತೋರಿಸಿದರು. “ಆ ಚಕ್ರದ ನಡುವೆ ಗುಂಬ ಇದೆಯಲ್ಲ, ಅದಕ್ಕೆ ಕೂತಿರೋ ಅಚ್ಚನ್ನ ಕಿತ್ತು ನಿನ್ನ ಗಾಡಿಗೆ ಹಾಕ್ತೀಯಾ?”

“ಎಂಗ್ ಕೂತ್ಕತದೆ? ಅಳ್ತೆ ಬ್ಯಾರೆ ಅಲ್ವಾ?”

“ಗೊತ್ತಲ್ಲ ನಿನಗೆ! ಸೂಜಿ ಹಾಕಿದಾಗ ನಿನ್ನ ರಕ್ತ ಪ್ಲೇಗಿನ ಹುಳದ ಅಳತೆ ತಗೊಂಡು, ಅದಕ್ಕೆ ಸರಿಯಾಗಿ ಕೂತು ಕಚ್ಚಿಕೊಳ್ಳೋ ಒಂದು ವಸ್ತು ಮಾಡಿಟ್ಟಿದೆ. ಅದಕ್ಕೆ ಊದಿದ್ದು ತೋಳು. ಈ ಜ್ವರದ ಹುಳದ ಮೈಯೇ ಬೇರೆ. ನಿನ್ನ ಹತ್ರ ಇರೋ ಅಚ್ಚು ಇದರ ಗುಂಬಕ್ಕೆ ಕೂರಲ್ಲ. ಹೋಗು ಮನೆಗೆ.”

ಆ ಹೊತ್ತಿಗೆ ನಾನೂ ನನ್ನ ಅಂಗಿಯ ತೋಳನ್ನು ಅರ್ಧ ಮಡಿಸಿದ್ದೆ. ಮೆಲ್ಲಗೆ ಇಳಿಸಿಕೊಂಡೆ.

ಅವರಿಗೆ ಬೇಕಾಗಿದ್ದವರು ಮುಂಗಾರಿನಲ್ಲಿ ಇದೇ ಜ್ವರ ಬಂದು ಎದ್ದವರು. ಯಾಕೆಂದು ನಾನು ಕೇಳಿದ್ದೇ ತಡ, ಕೊಪ್ಪರಿಗೆಯ ಸುತ್ತ ಸುತ್ತುತ್ತ ಶುರುಮಾಡಿದರು. ನಾನೂ ಸುತ್ತಿದೆ.

“ರಕ್ತದಲ್ಲಿ ಬಿಳಿ ಕಣ ಅಂತ ಇವೆ ಮೇಷ್ಟ್ರೇ. ರೋಗದ ಹುಳ ತಿನ್ನೋದೇ ಅವುಗಳ ಕೆಲಸ. ಆದ್ರೆ ಮದುವೆ ಮನೆ ಬೀಗರ ಥರ, ಭಾರಿ ನಾಜೂಕು. ಬರೀ ಬೇಯಿಸಿದ ಅವರೆಕಾಳು ಮುಂದಿಟ್ರೆ ಮೂಸಿ ನೋಡಿ ಸುಮ್ಮನಾಗ್ತವೆ. ಒಗ್ಗರಣೆ ಬಿತ್ತೋ, ಎಲೆ ಖಾಲಿ. ನಮ್ಮ ಮನೇಲಿ ಬಗಾರ್ ಅಂತಾರೆ, ಅದಿಲ್ದೆ ನಮ್ಮಮ್ಮ ಬೇಳೆ ಇಳಿಸ್ತಾನೇ ಇರಲಿಲ್ಲ. ರಕ್ತ ಮಾಡೋ ಈ ವಸ್ತು ಹುಳದ ಮೈಗೆ ಅಂಟಿಕೊಳ್ತದಲ್ಲ, ಅದೇ ಒಗ್ಗರಣೆ. ಬಿಳಿ ಕಣ ಓಡಿ ಬಂದು ತಿಂತವೆ. ಅಲ್ದೆ ಮೈ ತುಂಬ ಇದು ಮೆತ್ತಿಕೊಂಡ ಮೇಲೆ ಹುಳಕ್ಕೆ ನಮ್ಮ ಗಂಟಲು ಹಿಡ್ಕೊಳ್ಳೋಕೆ ಹಿಡಿತ ಎಲ್ಲಿ ಉಳೀತು?”

“ಅದು ಎಲ್ಲರ ರಕ್ತದಲ್ಲೂ ಇರೋದಿಲ್ಲವೇ?”

“ಮಾಡೋ ಶಕ್ತಿ ಎಲ್ಲರಲ್ಲೂ ಇದೆ. ಹೊತ್ತು ಬೇಕು. ಹೊಸ ಹುಳ ಬಂದ್ರೆ ಅಳತೆ ತಗೊಂಡು ಮಸಾಲೆ ಅರೆಯೋಕೆ ವಾರದ ಮೇಲೆ ಆಗ್ತದೆ. ಈ ಜ್ವರ ಅಷ್ಟರೊಳಗೆ ಮನುಷ್ಯನ್ನೇ ಮುಗಿಸ್ತಾ ಇದೆ. ಮುಂಗಾರಿನಲ್ಲಿ ಒಂದು ಸಲ ಅರೆದಿರೋ ರಕ್ತಕ್ಕೆ ಹದ ಗೊತ್ತಿರ್ತದೆ. ಹುಳ ಹೊಸಿಲು ದಾಟೋದರೊಳಗೆ ಒಗ್ಗರಣೆ ಬಿದ್ದಿರ್ತದೆ.”

ಆ ವಸ್ತುವಿಗೆ ಇಂಗ್ಲಿಷಿನಲ್ಲಿ ಆಂಟಿಬಾಡಿ ಎಂದು ಹೆಸರು. ಕನ್ನಡದಲ್ಲಿ ಪ್ರತಿಕಾಯ ಅನ್ನಬಹುದೇನೋ. ನನಗೆ ಈಗಲೂ ಆ ಮಾತು ಕೇಳಿದರೆ ಇಂಗಿನ ವಾಸನೆ ಬರುತ್ತದೆ.

ಮುಂಗಾರಿನಲ್ಲಿ ಮಲಗಿದ್ದವರನ್ನು ಅವರು ಒಬ್ಬೊಬ್ಬರನ್ನಾಗಿ ಕೇಳಿ ಆರಿಸಿದರು. ನಮ್ಮ ಸೀಮೆಯ ಕಷ್ಟ ಇಲ್ಲಿಯೇ. ಎಲ್ಲರಿಗೂ ಜ್ವರ ಬಂದಿರುತ್ತದೆ, ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಸೊಳ್ಳೆಯ ಚಳಿಜ್ವರ ಬಂದು ಎದ್ದವನು ಬೊಂಬಾಯಿ ಜ್ವರ ಗೆದ್ದೆನೆಂದುಕೊಂಡು ಗಂಜಿಯ ಗಡಿಗೆ ಹೊತ್ತರೆ ಅವನ ಗತಿಯೇನು? ಅವರು ನಡುಕ, ಬೆವರು, ಮೂಳೆ ನೋವು, ಕೆಮ್ಮು ಎಲ್ಲ ಕೇಳಿ, ಕೊನೆಗೆ ಕಣ್ಣು ಕಿರಿದು ಮಾಡಿ, ಒಪ್ಪಿಗೆಯಾದವನ ಕೈಗೆ ಗಡಿಗೆ ಕೊಟ್ಟು “ಹೋಗು” ಅನ್ನುವರು. ಪಾತ್ರೆಗೆ ಕಲಾಯಿ ಹಾಕುವ ಒಬ್ಬ ಸಾಬಿ, ಇನ್ನೂ ಕೆಲವರು ಹಾಗೆ ಹೋದರು. ನಾನು ಸರದಿಯ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಂಜೆಯ ಹೊತ್ತಿಗೆ ಮನೆ ಸೇರಿದೆ.

ಅದಾಗಿ ಒಂದು ವಾರಕ್ಕೆ ಪಿರಿಯಾಪಟ್ಟಣದಿಂದ ಸುದ್ದಿ ಬಂತು. ಅಲ್ಲಿ ನಮ್ಮ ಅಕ್ಕನ ಮನೆ. ಭಾವನಿಗೆ ಬೆಲ್ಲದ ಅಂಗಡಿ. ಭಾವ ಪ್ಲೇಗಿನ ಎಲ್ಲ ಕಟ್ಟಲೆಗಳಿಗೂ ನಿಷ್ಠರು. ಸೂಜಿ ಹಾಕಿಸಿದ್ದರು, ಅದು ಸಾಲದೆಂದು ಮನೆಗೆ ಬೀಗ ಹಾಕಿ ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗಿಗೆ ಊರು ಬಿಡುವುದು ಸರಿ, ಇಲಿ ಬಿದ್ದ ಮನೆಯಲ್ಲಿರಬಾರದು. ಈ ಜ್ವರದಲ್ಲಿ ಒದ್ದೆ ನೆಲದ ಗುಡಿಸಲಲ್ಲಿರುವುದೆಂದರೆ ಹುಲಿಗೆಂದು ಗೂಟಕ್ಕೆ ಕಟ್ಟಿದ ಆಡಾದ ಹಾಗೆ. ಭಾವನ ತಾಯಿ ತೀರಿಕೊಂಡಿದ್ದರು. ಭಾವ ಮಲಗಿದ್ದರು. ಅಕ್ಕನಿಗೆ ಮಾತು ನಿಂತಿತ್ತು. ಸುತ್ತ ಇದ್ದವರು ತಮ್ಮ ಗುಡಿಸಲುಗಳನ್ನು ಇನ್ನೂ ದೂರಕ್ಕೆ ಕಿತ್ತುಕೊಂಡು ಹೋಗಿದ್ದರು.

ಸುದ್ದಿ ತಂದ ಗಾಡಿಯವನು ಹೊರಗೇ ನಿಂತು ಇಷ್ಟು ಹೇಳಿದ. ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಒಂದ್ ಇಲಿ ಬಿದ್ದಿಲ್ವಂತೆ, ಆ ಮಳೇಲಿ ಗುಡ್ಲಾಕ್ಕಂಡು ಕುಂತವ್ರಲ್ಲ! ನಾನೋಯ್ತೀನಿ ಬುಡು.”

“ನೀನು ಹೋದರೆ ಇಬ್ಬರೂ ಹೋಗ್ತೀರ.”

“ಅಂಗಾರೆ ನೀನೋಗು.”

ನಾನು ಆಸ್ಪತ್ರೆಗೆ ಹೋದೆ. ಅವ್ವ ಹಿಂದೆಯೇ ಬಂದಳು. ಡಾಕ್ಟರು ಆ ದಿನ ಎಂದಿಗಿಂತ ಜೋರಾಗಿ ನಡೆಯುತ್ತಿದ್ದರು. ಇಬ್ಬರೂ ಅವರ ಹಿಂದೆ ಬಿದ್ದೆವು. ವಿಷಯ ಹೇಳಿದೆ.

“ಹಂಪಾಪುರದಲ್ಲಿ ಮಲಗಿದ್ರಲ್ಲ, ಚಳಿ ಹತ್ತಿ ನಡುಕ ಬರ್ತಿತ್ತಾ?”

“ಬರ್ತಿತ್ತು.”

“ಮೂಳೆ ಮುರಿದ ಹಾಗೆ ನೋವು?”

“ಅದೂ ಇತ್ತು.”

“ದಿನ ಬಿಟ್ಟು ದಿನ ಬರ್ತಿತ್ತಾ, ಬಿಡದೆ ಕಾಯ್ತಿತ್ತಾ?”

“ಎರಡೂ ಇತ್ತು ಅನ್ನಿಸ್ತದೆ.”

ಅವರು ನಿಂತುಬಿಟ್ಟರು. “ಮೇಷ್ಟ್ರೇ, ಇದು ಪರೀಕ್ಷೆ ಅಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಬರೀಲೇಬೇಕು ಅಂತಿಲ್ಲ.” ಆಮೇಲೆ ಅವ್ವನ ಕಡೆ ತಿರುಗಿದರು. “ಅವ್ವಾ, ನೀವು ಹೇಳಿ. ಆಗ ಇವರು ಹೆಂಗಿದ್ರು?”

“ಏನಂತ ಯೋಳ್ಳಿ ಸಾಮಿ. ಇವ್ನು ಉಗುರು ಕಿತ್ರೂ ಸಾಯ್ತೀನಿ ಅನ್ನೋನು. ಸೊಳ್ಳೆ ಕಚ್ಚುದ್ರೆ ಕುಷ್ಠ ಅಂತ ಮೈಯೆಲ್ಲ ನೋಡ್ಕತಾನೆ. ಆವಾಗ ಮಾತ್ರ ತುಟಿ ಬಿಚ್ನಿಲ್ಲ. ಗ್ವಾಡೆ ಕಡೀಕೆ ಮಕ ಆಕ್ಕಂಡು ಬಿದ್ದಿದ್ದ. ಸಾಯ್ತೀನಿ ಅಂತ ಒಂದ್ಸಲಾನೂ ಅನ್ನಿಲ್ಲ. ಅದ್ಕೇ ನಂಗೆ ಬಯ ಆಗಿದ್ದು.”

ಡಾಕ್ಟರು ಗಟ್ಟಿಯಾಗಿ ನಕ್ಕರು. ಆ ದಿನಗಳಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಗು ಕೇಳಿ ನಾಲ್ಕು ಜನ ತಿರುಗಿ ನೋಡಿದರು. “ಕ್ವಿನೈನ್ ಕೊಟ್ರಾ?”

“ಕೊಟ್ಟೆ. ಬಗ್ಗನಿಲ್ಲ. ತಾನಾಗೇ ಬುಟ್ಟೋಯ್ತು.”

“ಹಾಗಾದರೆ ಅದು ಈ ಜ್ವರವೇ ಹೌದಾ?” ಅಂದೆ.

“ಇರಬಹುದು.”

“ಇರಬಹುದು ಅಂದ್ರೆ?”

“ಅಂದ್ರೆ ಗೊತ್ತಿಲ್ಲ.”

ಜನ್ಮದಲ್ಲಿ ಮೊದಲ ಸಲ ಆ ಮಾತಿಗೆ ನನಗೆ ಸಿಟ್ಟು ಬಂತು. “ಹೋಗಲಾ, ಬೇಡವಾ? ಅಷ್ಟು ಹೇಳಿ” ಅಂದೆ.

ಅವರು ಮತ್ತೆ ನಡೆಯತೊಡಗಿದರು. “ಗುಡಿಸಲಿಂದ ಮೊದಲು ಮನೆಗೆ ಸಾಗಿಸಬೇಕು. ಬೆಚ್ಚಗಿಡಬೇಕು. ನೀರು, ಗಂಜಿ, ಚಮಚದಲ್ಲಾದರೂ ಸರಿ, ಬಿಡದೆ ಕುಡಿಸ್ತಾ ಇರಬೇಕು. ಅವ್ವ ಮಾತ್ರ ಅಲ್ಲಿಗೆ ಬರಬಾರದು.”

ಗಾಡಿ ಹತ್ತಿದೆ. ಕಂಪಲಾಪುರ ದಾಟುವ ಹೊತ್ತಿಗೆ ನನಗೆ ಗಂಟಲು ಕೆರೆತ ಬಂದು, ಹೋಗಿ, ಮತ್ತೆ ಬಂದಿತ್ತು. ದಾರಿಯುದ್ದಕ್ಕೂ ಎಂಜಲು ನುಂಗಿ ನುಂಗಿ ನೋಡುತ್ತ, ಹಣೆ ಮುಟ್ಟಿಕೊಳ್ಳುತ್ತ ಹೋದೆ. ಹಣೆ ಮುಟ್ಟಿದ ಕೈಯೇ ಬಿಸಿಯಾಗಿದ್ದರೆ ತಿಳಿಯುವುದು ಹೇಗೆ ಎಂದು ಗಾಡಿಯವನನ್ನು ಕೇಳಿದೆ. ಅವನು ಎತ್ತುಗಳನ್ನು ಜೋರಾಗಿ ಹೊಡೆದ.

ಗುಡಿಸಲಲ್ಲಿ ಅಕ್ಕ ಗುರುತು ಸಿಗದ ಹಾಗಿದ್ದಳು. ನೇರಳೆ ಹಣ್ಣು ತಿಂದವಳ ಹಾಗೆ ತುಟಿ. ಉಸಿರು ಎಳೆದಾಗ ಒದ್ದೆ ಬಟ್ಟೆ ಹಿಂಡಿದ ಸದ್ದು. ಭಾವ ಕಂಬಳಿಯೊಳಗಿಂದಲೇ ನನ್ನನ್ನು ತಡೆದರು.

“ಊರೊಳಕ್ಕಾ? ನಿಂಗೇನ್ ತಲೆ ಕೆಟ್ಟದಾ? ಉಳ್ಕಳಾಕೆ ತಾನೆ ಮನೆ ಬುಟ್ಟು ಬಂದಿರಾದು?”

“ಭಾವ, ಇದು ಇಲಿಯಿಂದ ಬರೋದಲ್ಲ, ಮನುಷ್ಯರಿಂದ ಬರೋದು. ಊರೂ ಒಂದೇ ಹೊಲವೂ ಒಂದೇ.”

“ನಂಗ್ ಬರಾಕಿಲ್ಲ ಬುಡು. ಸೂಜಿ ಆಗದೆ.” ಹಾಗೆ ಹೇಳುವಾಗ ಅವರ ಹಲ್ಲು ಕಟಕಟ ಅನ್ನುತ್ತಿತ್ತು.

ಮೈಯಲ್ಲಿ ಶಕ್ತಿ ಇದ್ದಿದ್ದರೆ ಅವರು ನನ್ನನ್ನು ಹೊಡೆಯುತ್ತಿದ್ದರು. ಇರಲಿಲ್ಲವಾದ್ದರಿಂದ ಇಬ್ಬರನ್ನೂ ಗಾಡಿಯಲ್ಲಿ ಮಲಗಿಸಿ ಬೀಗ ತೆಗೆದು ಮನೆಗೆ ತಂದೆ. ಒಲೆ ಹಚ್ಚಿದೆ. ಗಂಜಿ ಬೇಯಿಸಿದೆ. ಚಮಚದಲ್ಲಿ ಹಾಕಿದ ಗಂಜಿ ಅಕ್ಕನ ಬಾಯಿಂದ ಕತ್ತಿಗೆ ಇಳಿಯುತ್ತಿತ್ತು. ಒರೆಸಿ ಮತ್ತೆ ಹಾಕುವುದು. ಕೆಮ್ಮಿದಾಗ ನನ್ನ ಮುಖದ ಮೇಲೆ ಬೀಳುತ್ತಿತ್ತು. ನಾನು ಉಸಿರು ಹಿಡಿದುಕೊಳ್ಳುತ್ತಿದ್ದೆ, ಎಷ್ಟು ಹೊತ್ತೆಂದು ಹಿಡಿದುಕೊಳ್ಳಲಾದೀತು?

ಒಂದು ಮಧ್ಯಾಹ್ನ ಬಾಗಿಲಲ್ಲಿ ಬೈಸಿಕಲ್ ಬಿದ್ದ ಸದ್ದಾಯಿತು. ಮೊಣಕಾಲುವರೆಗೆ ಕೆಸರಾಗಿದ್ದ ಡಾಕ್ಟರು ಒಳಗೆ ಬಂದರು. ಪಿರಿಯಾಪಟ್ಟಣದ ಡಾಕ್ಟರೇ ಮಲಗಿದ್ದರಿಂದ ಆ ಊರೂ ಇವರ ಪಾಲಿಗೆ ಬಂದಿತ್ತು. ಅಕ್ಕನ ಹಾಸಿಗೆಯ ಸುತ್ತ ಒಂದು ಸುತ್ತು ಬಂದು, ಬೆನ್ನಿಗೆ ಕಿವಿಯಿಟ್ಟು ಕೇಳಿದರು.

“ಏನಾದರೂ ಮದ್ದು ಕೊಡಿ ಸಾಹೇಬ್ರೇ” ಅಂದೆ.

“ಇದಕ್ಕೆ ನನ್ನ ಹತ್ರ ಮದ್ದಿಲ್ಲ. ಯಾವ ಡಾಕ್ಟರ ಹತ್ರಾನೂ ಇಲ್ಲ. ಮದ್ದನ್ನ ಇವರ ರಕ್ತ ಅರೀತಾ ಇದೆ. ಮಲಗಿ ಇಷ್ಟು ದಿನ ಆದರೂ ಉಸಿರಿದೆ ಅಂದ್ರೆ ಅರ್ಧಕ್ಕಿಂತ ಮೇಲೆ ಅರೆದಿರಬೇಕು. ಅದು ಮುಗಿಯೋವರೆಗೆ ಇವರನ್ನ ಹಿಡಿದಿಟ್ಟುಕೊಳ್ಳೋದು ನಿಮ್ಮ ಕೆಲಸ.”

“ಮುಗಿಯೋದು ಯಾವಾಗ?”

“ಗೊತ್ತಿಲ್ಲ. ಚಮಚ ಕೊಡಿ ಇಲ್ಲಿ.”

ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಅಕ್ಕನ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಚಮಚವನ್ನು ಕೆನ್ನೆಯ ಒಳಬದಿಗೆ ಇಟ್ಟರು. ನಮ್ಮ ಅಕ್ಕ ನೆಂಟರ ಮನೆಯಲ್ಲೂ ತಂಬಿಗೆ ತೊಳೆದು ತಾನೇ ನೀರು ಸೇದಿಕೊಳ್ಳುವವಳು. ಕಣ್ಣು ಬಿಟ್ಟವಳು ಕೆಂಪು ಟೋಪಿ ನೋಡಿ ತುಟಿ ಬಿಗಿದಳು.

“ತಾಯೀ, ನುಂಗಿ. ಯಾರ ಕೈ ಅಂತ ಎದ್ದ ಮೇಲೆ ವಿಚಾರ ಮಾಡುವಿರಂತೆ.”

ಅಕ್ಕ ನುಂಗಿದಳು. ಬಟ್ಟಲು ಅರ್ಧವಾಗುವವರೆಗೆ ಅವರು ಅಲುಗಲಿಲ್ಲ. ಆಮೇಲೆ ಭಾವನ ನಾಡಿ ನೋಡಿ, ಸೂಜಿಯ ಕಥೆ ಪೂರ್ತಿ ಕೇಳಿಸಿಕೊಂಡು, ಬೈಯದೆ ಹೊರಟರು. ಬೈಯದಿದ್ದದ್ದು ನೋಡಿ ಭಾವನ ಸ್ಥಿತಿಯೂ ಕೆಟ್ಟಿದೆಯೆಂದು ನಾನು ಇನ್ನಷ್ಟು ಕಂಗಾಲಾದೆ.

ಅದಾಗಿ ಎಷ್ಟೋ ಚಮಚಗಳ ಮೇಲೆ, ಒಂದು ಬೆಳಿಗ್ಗೆ, ಅಕ್ಕ ಮುಖ ಸಿಂಡರಿಸಿ ಅಂದಳು: “ಗಂಜೀಗೆ ಉಪ್ಪೇ ಆಕಿಲ್ವಲ್ಲೋ, ಹೆಡ್ಡಾ.”

ಉಪ್ಪು ತರಲು ಅಡಿಗೆ ಮನೆಗೆ ಹೋದವನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ಭಾವನೂ ಎದ್ದರು. ಸೂಜಿಯಿಂದಲೇ ಬದುಕಿದೆನೆಂದು ಪಿರಿಯಾಪಟ್ಟಣಕ್ಕೆಲ್ಲ ಹೇಳಿಕೊಂಡು ತಿರುಗಿದರು, ಇವತ್ತಿಗೂ ತಿರುಗುತ್ತಾರೆ. ನನಗೆ ಜ್ವರ ಬರಲಿಲ್ಲ. ಅದರ ಲಕ್ಷಣಗಳು ಮಾತ್ರ ಒಂದೂ ಬಿಡದೆ ಬಂದಿದ್ದವು.

ಹುಣಸೂರಿಗೆ ಹಿಂತಿರುಗಿದಾಗ ತಿಳಿಯಿತು: ಗಂಜಿ ಹೊತ್ತವರಲ್ಲಿ ಆ ಕಲಾಯಿ ಸಾಬಿ ತೀರಿಕೊಂಡಿದ್ದ. ಅವನಿಗೆ ಮುಂಗಾರಿನಲ್ಲಿ ಬಂದದ್ದು ಸೊಳ್ಳೆಯ ಜ್ವರವೇ ಇರಬೇಕು. ನಾನೂ ಅವ್ವನೂ ಆಸ್ಪತ್ರೆಗೆ ಹೋಗಿದ್ದ ದಿನ ಅವನು ಒಳಗೆ ಮಲಗಿದ್ದನಂತೆ, ಕೊನೆಯ ಸ್ಥಿತಿಯಲ್ಲಿ. ಆಮೇಲೆ ಡಾಕ್ಟರು ಆ ಕಲಾಯಿಯವರ ಬೀದಿಗೆ ಹೋಗುವಾಗ ಬೈಸಿಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲಿ ಮಾತ್ರ ಅವರ ಹೆಜ್ಜೆ ನಿಧಾನ.

ಆಮೇಲೆ ಅವರಿಗೆ ಊರೂರಿಗೆ ವರ್ಗವಾಯಿತು. ನಿವೃತ್ತಿಯ ಮೇಲೆ ಕೃಷ್ಣರಾಜನಗರದಲ್ಲಿ ಮಗಳ ಮನೆಯಲ್ಲಿದ್ದರು. ಹೊಸದಾಗಿ ಕಟ್ಟಿದ ಊರು, ನೇರ ನೇರ ರಸ್ತೆ, ನಡೆಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಹೋದ ವರ್ಷ ನೋಡಲು ಹೋದೆ. ಕೈಗೆ ಕೋಲು ಬಂದಿತ್ತು, ಆದರೂ “ನಡೀತಾ ಮಾತಾಡುವ” ಅಂದರು. ರಸ್ತೆಗೆ ಇಳಿದ ಕೂಡಲೇ ಹಬ್ಬದ ಸುದ್ದಿ ಹೇಳುವವರ ಹಾಗೆ ಶುರುಮಾಡಿದರು.

“ನಾವು ಅವತ್ತು ತಪ್ಪು ಕಳ್ಳನ್ನ ಹಿಡಿದಿದ್ವಿ ಮೇಷ್ಟ್ರೇ! ಯಾವುದೋ ಕಡ್ಡಿಯಂಥ ಹುಳ ಅಂತ ಆಗಿನ ಪುಸ್ತಕದಲ್ಲಿ ಬರೆದಿತ್ತು. ಈಗ ನೋಡಿದ್ರೆ ಅದಲ್ಲವೇ ಅಲ್ಲ. ಅದಕ್ಕಿಂತ ಎಷ್ಟೋ ಸಣ್ಣದು, ಹುಳ ಸೋಸೋ ಪಿಂಗಾಣಿ ಜಾಲರಿಯಲ್ಲೂ ತೂರಿಕೊಂಡು ಹೋಗೋ ಅಂಥದ್ದು. ವೈರಸ್ ಅಂತಾರೆ. ಅದರಲ್ಲೂ ಜಾತಿ ಬೇರೆ ಬೇರೆ. ಒಂದರ ಅಳತೆಗೆ ಮಾಡಿದ್ದು ಇನ್ನೊಂದಕ್ಕೆ ಸರಿಯಾಗಿ ಕೂರಲ್ಲ. ಅದಕ್ಕೇ ಈ ಜ್ವರ ಬಂದೋರಿಗೂ ಮತ್ತೆ ಮತ್ತೆ ಬರೋದು.” ತಾವು ತಪ್ಪಿದ್ದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಬೇರೆ ನೋಡಿಲ್ಲ. “ಪ್ರತಿಕಾಯದ ಮಾತು ಮಾತ್ರ ನಿಂತಿದೆ, ನೋಡಿ. ವಿಲಾಯತಿಯಲ್ಲಿ ಈಗ ರಕ್ತ ತೆಗೆದು ಪರೀಕ್ಷೆ ಮಾಡಿ, ಈ ಮನುಷ್ಯನಿಗೆ ಹಿಂದೆ ಆ ಜ್ವರ ಬಂದಿತ್ತು ಅಂತ ಹೇಳ್ತಾರಂತೆ. ರಕ್ತ ಅಷ್ಟು ಕಾಲ ಮರೆಯಲ್ಲ.”

ನಾನು ಎರಡು ಹೆಜ್ಜೆ ಮುಂದೆ ಹೋಗಿ ಅವರ ಕಡೆ ತಿರುಗಿದೆ. “ಹಾಗಾದರೆ ನನ್ನ ರಕ್ತ ನೋಡಿದರೆ ಹಂಪಾಪುರದಲ್ಲಿ ನನಗೆ ಬಂದದ್ದು ಯಾವುದು ಅಂತ ತಿಳಿಯುತ್ತದೆಯೇ?”

“ತಿಳಿಯಲ್ಲ. ಆಮೇಲೆ ನೀವು ಅಕ್ಕನ ಕೆಮ್ಮು ಮುಖದ ಮೇಲೆ ಹಾಕಿಸ್ಕೊಂಡಿದ್ದೀರಿ. ಮೈಗೆ ಗೊತ್ತಾಗದ ಹಾಗೆ ಅಲ್ಲೇ ಬಂದು ಹೋಗಿದ್ರೂ ರಕ್ತದಲ್ಲಿ ಅದೇ ಗುರುತು ಇರ್ತದೆ. ಮುಂಗಾರಿಂದೋ ಹಿಂಗಾರಿಂದೋ ಯಾರು ಹೇಳ್ತಾರೆ?”

ಇಪ್ಪತ್ತೈದು ವರ್ಷ ಸಾಕಿದ ಚಿಂತೆ ಇನ್ನು ನನ್ನ ಜೊತೆಗೇ ಚಟ್ಟ ಹತ್ತುವುದೆಂದು ತಿಳಿಯಿತು. ಧೈರ್ಯ ಮಾಡಿ ಕೇಳಿದೆ: “ಅವತ್ತು ನಿಮಗೆ ಖಾತ್ರಿ ಇತ್ತಾ ಸಾಹೇಬ್ರೇ, ನನಗೆ ಏನೂ ಆಗೋದಿಲ್ಲ ಅಂತ?”

“ಇರಲಿಲ್ಲ.”

“ಮತ್ತೆ ಯಾಕೆ ಹೋಗಿ ಅಂದಿರಿ?”

“ನಾನೆಲ್ಲಿ ಅಂದೆ?” ಅಂದರು. ಕೋಲನ್ನು ನೆಲಕ್ಕೂರಿ ನಿಂತರು. “ಆ ಕಲಾಯಿಯವನಿಗೆ ಹೋಗು ಅಂದಿದ್ದೆ. ನೀವು ಬಂದ ದಿನ ಅವನು ಒಳಗೆ ಮಲಗಿದ್ದ, ಬೆಳಿಗ್ಗೆಯಿಂದ ಯಾರಿಗೂ ಆ ಮಾತು ಹೇಳೋಕೆ ನನಗೆ ಬಾಯಿ ಬರಲಿಲ್ಲ. ನೀವು ಬಂದಿದ್ದು ‘ಬೇಡ’ ಅನ್ನಿಸಿಕೊಂಡು ಹೋಗೋಣ ಅಂತ. ಅನ್ನಬಹುದಿತ್ತು, ನನಗೂ ಅದೇ ಸುಲಭ. ಆದ್ರೆ ಅಲ್ಲಿ ಒಂದು ಜೀವ ಇತ್ತಲ್ಲ ಮೇಷ್ಟ್ರೇ. ಅದಕ್ಕೆ ಏನೇನು ಮಾಡಬೇಕು ಅಂತ ಹೇಳಿ ಸುಮ್ಮನಾದೆ. ಗಾಡಿ ಹತ್ತಿದ್ದು ನೀವೇ.”

ಮತ್ತೆ ರಸ್ತೆಯ ಕೊನೆಯವರೆಗೂ ಹೋಗಿ ಬಂದೆವು. ಅದೇ ಕೊನೆಯ ಸಲ.

ಅವರು ಹೋದ ಸುದ್ದಿ ಹೇಳಲು ಪಿರಿಯಾಪಟ್ಟಣಕ್ಕೆ ಹೋದೆ. ಅಕ್ಕ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಕೇಳಿದವಳು ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಬಚ್ಚಲ ಕಲ್ಲಿನ ಮೇಲೆ ಉಟ್ಟ ಸೀರೆಯಲ್ಲೇ ಕೂತು, ಕಡಾಯಿಯಿಂದ ತಣ್ಣೀರು ಮೊಗೆದು ತಲೆಗೆ ಹುಯ್ದುಕೊಂಡಳು. ಒಡಹುಟ್ಟಿದವರು, ದಾಯಾದಿಗಳು ಸತ್ತ ಸುದ್ದಿ ಬಂದಾಗ ನಮ್ಮಲ್ಲಿ ಹಾಗೆ ಮಾಡುವುದು.

ಭಾವ ಒಳಗಿಂದ ಬಂದರು. “ಇದೇನಮ್ಮಿ ಇದು? ಸಾಬ್ರು ಸತ್ರೆ ನಮ್ಗೆಂತ ಮೈಲ್ಗೆ?”

“ನಮ್ಮಪ್ಪ ಓದಾಗ ಉಯ್ಕಂಡಿರ್ನಿಲ್ವಾ? ಅಂಗೇಯ” ಅಂದಳು ಅಕ್ಕ, ಇನ್ನೊಂದು ಚೊಂಬು ಮೊಗೆಯುತ್ತ.

ಭಾವ ಸ್ವಲ್ಪ ಹೊತ್ತು ಗೊಣಗಿದರು. ಅಂಗಳಕ್ಕೆ ಹೋದರು, ಬಂದರು. ಕೊನೆಗೆ ಅಂಗಿ ಬಿಚ್ಚಿ ಹಗ್ಗದ ಮೇಲೆ ಹಾಕಿ, ಬಚ್ಚಲ ಕಲ್ಲಿನ ಪಕ್ಕದಲ್ಲಿ ಕುಕ್ಕರಿಸಿದರು. “ನಂಗೂ ಉಯ್ಯಿ” ಅಂದರು.

ಹೊತ್ತು ಇಳಿಯುತ್ತಿತ್ತು. ಗಾಳಿ ತಣ್ಣಗಿತ್ತು. ನಾನೂ ಹೋಗಿ ಅವರ ಹಿಂದೆ ನಿಂತೆ. ನನ್ನ ಸರದಿ ಬಂದಾಗ, ಈ ವಯಸ್ಸಿನಲ್ಲಿ ನೆಗಡಿ ಎದೆಗಿಳಿದರೆ ಹೇಗೆಂದು ಕೇಳಲು ಬಾಯಿ ತೆರೆದೆ. ಅಕ್ಕ ಅಷ್ಟರಲ್ಲಿ ನೀರು ಹುಯ್ದಿದ್ದಳು.